ಒಡೆಯರ ಮನೆಯ ಚಿತ್ರಗಳು

ಗೂಳೂರಿನ ಗಣಪತಿಯನ್ನು ನೀವು ನೋಡಿರಬಹುದು. ಮಣ್ಣಿನಲ್ಲಿ ಮೂಡಿ, ಕಾರ್ತಿಕದಲ್ಲಿ ಪೂಜೆಗೊಂಡು, ಕೆರೆಯ ನೀರಿಗೆ ಇಳಿದುಹೋಗುವ ಕಲೆ ಅದು. ಕೂಡಿಟ್ಟ ಕಲೆಯನ್ನು ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕು.

ಅದು 1861ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರು 1885ರಲ್ಲಿ ರವಿವರ್ಮರನ್ನು ಕರೆಸಿ ಮನೆಯವರ ಚಿತ್ರ ಬರೆಸಿದರು. 1897ರಲ್ಲಿ ಹಳೆಯ ಮರದರಮನೆ ಬೆಂಕಿಗೆ ತುತ್ತಾದಾಗ ರಾಜಮನೆತನಕ್ಕೆ ನೆರಳಾದದ್ದೂ ಜಗನ್ಮೋಹನವೇ. 1915ರಲ್ಲಿ ನಾಲ್ವಡಿಯವರು ಅದನ್ನು ಚಿತ್ರಶಾಲೆಯಾಗಿ ಮಾಡಿದರು. ಮನೆತನದ ಸೊತ್ತು ಊರವರ ಕಣ್ಣಿಗೂ ದಕ್ಕಿತು.

ಅಲ್ಲಿ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ರವಿವರ್ಮರದೆಂದು ಅನೇಕರು ನಂಬಿದ್ದಾರೆ. ಅಲ್ಲ, ಅದು ಹಳದಣಕರರ ಜಲವರ್ಣ. ಬೆರಳ ಸಂದಿನಲ್ಲಿ ಕೆಂಪಾಗಿ ಹಾಯುವ ಆ ಬೆಳಕನ್ನು ಸ್ವಲ್ಪ ದೂರ ನಿಂತು ನೋಡಿ.