ಬಾನಿಯ ಮೀನು ಬೌಲಿಗೆ ಬಿದ್ದ ಕಥೆ

ಶಿವಮೊಗ್ಗದಲ್ಲಿ ಅಕ್ವೇರಿಯಂ ಅಂಗಡಿ ಇಟ್ಟುಕೊಂಡು ಬದುಕುವವನು ನಾನು. ಗೋಲ್ಡ್‌ಫಿಶ್ ಮಾರುತ್ತೇನೆ, ಗುಂಡು ಬೌಲ್ ಮಾರುವುದಿಲ್ಲ. ಗಿರಾಕಿಗಳು ಮುನಿಸಿಕೊಂಡು ಪಕ್ಕದ ಬೀದಿಗೆ ಹೋಗುತ್ತಾರೆ, ಹೋಗಲಿ. ಸಿನಿಮಾದಲ್ಲಿ, ಮಕ್ಕಳ ಪುಸ್ತಕದಲ್ಲಿ ಈ ಮೀನನ್ನು ಗುಂಡು ಗಾಜಿನೊಳಗೇ ನೋಡಿ ನೋಡಿ ಅದೇ ಅದರ ಮನೆ ಅಂದುಕೊಂಡಿದ್ದಾರೆ. ಸಾವಿರ ವರ್ಷದ ಸಾಕಣೆಯಲ್ಲಿ ಗಾಜು ಬಂದದ್ದು ತೀರ ಈಚೆಗೆ.

ಮೂಲದಲ್ಲಿ ಇದು ಚೀನಾದ ಬೂದುಬಣ್ಣದ ಸಾಧಾರಣ ಕೆರೆಮೀನು, ಗೆಂಡೆಯ ನೆಂಟ. ಅಪರೂಪಕ್ಕೊಂದು ಕೆಂಪಗೋ ಹಳದಿಯಾಗಿಯೋ ಹುಟ್ಟುತ್ತಿತ್ತು. ಬೌದ್ಧರು ಅಂಥದ್ದನ್ನು ಕೊಲ್ಲದೆ ವಿಹಾರದ ಕೊಳಕ್ಕೆ ಬಿಡುತ್ತಿದ್ದರು. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಎರಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೊಂಗ್ ವಂಶದ ದೊರೆ ಗಾವ್‌ಜೊಂಗ್ 1162ರಲ್ಲಿ ಪಟ್ಟ ಬಿಟ್ಟುಕೊಟ್ಟ ಮೇಲೆ ಹಾಂಗ್‌ಝೌ ಅರಮನೆಯ ಕೊಳದಲ್ಲಿ ಈ ಮೀನು ಸಾಕಿಕೊಂಡಿದ್ದ. ಆ ಊರಿನ ಸಾಕಣೆಗಾರರು ಚರಂಡಿಯ ಕೆಂಪು ಹುಳ ತಿನ್ನಿಸಿ ಬಣ್ಣ ಬರಿಸುತ್ತಿದ್ದರಂತೆ. ನಾವು ಇವತ್ತು ಹಾಕುವ ಟ್ಯೂಬಿಫೆಕ್ಸ್ ಕೂಡ ಚರಂಡಿ ಹುಳವೇ. ಕಸುಬು ಅಷ್ಟೇನೂ ಬದಲಾಗಿಲ್ಲ!

ಮಿಂಗ್ ಕಾಲಕ್ಕೆ ಮೀನು ಕೊಳ ಬಿಟ್ಟು ಮನೆಯಂಗಳಕ್ಕೆ ಬಂತು, ಅಗಲ ಬಾಯಿಯ ಮಣ್ಣಿನ, ಪಿಂಗಾಣಿಯ ಬಾನಿಗಳಿಗೆ. ಅದನ್ನು ಸಾಕುವ ಬಗೆಗೆಂದೇ ಝಾಂಗ್ ಚಿಯಾಂದೆ 1596ರಲ್ಲಿ ಪುಸ್ತಕ ಬರೆದ. ಬಾನಿಯ ಮೀನನ್ನು ನೋಡುವುದು ಬಗ್ಗಿ, ಮೇಲಿನಿಂದ. ಹಾಗಾಗಿ ಮೇಲಿನಿಂದ ಚೆಂದ ಕಾಣುವ ಮರಿಗಳನ್ನೇ ತಲೆಮಾರುಗಟ್ಟಲೆ ಆರಿಸಿ ಉಳಿಸಿದರು: ಎರಡಾಗಿ ಹರಡಿದ ಬಾಲ, ಮೊಟ್ಟೆಯಂಥ ಮೈ, ಎರಡೂ ಪಕ್ಕಕ್ಕೆ ಉಬ್ಬಿದ ಕಣ್ಣು. ಬ್ಲ್ಯಾಕ್ ಮೂರ್ ತಳಿಯನ್ನು ಗಾಜಿನ ಪಕ್ಕದಿಂದ ನೋಡಿ ‘ಅಯ್ಯೋ, ಏನು ವಿಕಾರ’ ಅನ್ನುವವರನ್ನು ನಾನು ಹಿತ್ತಲಿನ ಸಿಮೆಂಟ್ ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಬಗ್ಗಿ ನೋಡಿದ ಮೇಲೆ ಯಾರೂ ಆ ಮಾತು ಆಡುವುದಿಲ್ಲ.

ಇಂಗ್ಲೆಂಡಿನ ಶ್ರೀಮಂತರ ಮನೆಗೂ ಮೊದಲು ಹೊಕ್ಕದ್ದು ಪಿಂಗಾಣಿ ತೊಟ್ಟಿಯೇ. 1747ರಲ್ಲಿ ಲೇಖಕ ಹೊರೇಸ್ ವಾಲ್ಪೋಲನ ಬೆಕ್ಕು ಸೆಲಿಮಾ ಅಂಥದ್ದರಲ್ಲಿ ಬಿದ್ದು ಸತ್ತಾಗ ಅವನ ಗೆಳೆಯ, ಕವಿ ಥಾಮಸ್ ಗ್ರೇ ಕವಿತೆಯನ್ನೇ ಬರೆದ. ಮುಂದೆ ಗಾಜು ಅಗ್ಗವಾಯಿತು, ಗುಂಡು ಬೌಲ್ ದಿವಾನಖಾನೆಯ ಅಲಂಕಾರವಾಯಿತು, ಮೀನು ಸಾಯತೊಡಗಿತು. ಕಾರಣ ಕಷ್ಟದ್ದಲ್ಲ. ಬೌಲನ್ನು ಕುತ್ತಿಗೆವರೆಗೆ ತುಂಬಿದರೆ ಗಾಳಿ ಸೋಕುವ ನೀರಿನ ಮೈ ಅಂಗೈಯಷ್ಟೇ ಉಳಿಯುತ್ತದೆ. ಗೋಲ್ಡ್‌ಫಿಶ್ ತಿನ್ನುವುದು ಜಾಸ್ತಿ, ಕಿವಿರಿನಿಂದ ಬಿಡುವ ಅಮೋನಿಯಾವೂ ಜಾಸ್ತಿ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ನೆಲೆಸಲು ಬೌಲಿನಲ್ಲಿ ಜಾಗವೇ ಇಲ್ಲ.

ಇದಕ್ಕೆ ದಾರಿ ಹುಡುಕಿದವನು ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್. 12 ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು ವ್ಯಾಲಿಸ್ನೇರಿಯಾ ಗಿಡ ನೆಟ್ಟ. ಎಲೆ ಕೊಳೆತು ನೀರು ಕೆಟ್ಟಿತು. ಬಸವನಹುಳ ತಂದು ಬಿಟ್ಟ, ಅವು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಅದನ್ನು ಬರೆದು ಪ್ರಕಟಿಸಿದ. ಲೆಕ್ಕ ಹಾಕಿ: ಪಂಪು, ಫಿಲ್ಟರು ಏನೂ ಇಲ್ಲದ ಆ ಕಾಲದಲ್ಲೇ ಅವನು ಎರಡು ಮೀನಿಗೆ ಸುಮಾರು 55 ಲೀಟರ್ ಹಿಡಿಯುವ ಪಾತ್ರೆ ಕೊಟ್ಟಿದ್ದ. ನಮ್ಮವರು ಎರಡು ಮೀನಿಗೆ ಎರಡು ಲೀಟರ್ ಕೊಟ್ಟು, ವಾರದಲ್ಲಿ ಸತ್ತರೆ ‘ಮೀನೇ ಸರಿಯಿಲ್ಲ’ ಅನ್ನುತ್ತಾರೆ.

ಈ ಮೀನಿನ ಆಯುಸ್ಸು ವಾರದ್ದಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ 1956ರ ಜಾತ್ರೆಯಲ್ಲಿ ಬಹುಮಾನವಾಗಿ ಸಿಕ್ಕ ಟಿಶ್ ಎಂಬ ಗೋಲ್ಡ್‌ಫಿಶ್ 43 ವರ್ಷ ಬದುಕಿ 1999ರಲ್ಲಿ ಸತ್ತಿತು. ಇಟಲಿಯ ಮೊಂಜಾ ನಗರಸಭೆ 2004ರಲ್ಲಿ ಗುಂಡು ಬೌಲಿನಲ್ಲಿ ಮೀನು ಸಾಕುವುದನ್ನೇ ನಿಷೇಧಿಸಿತು, ಮರುವರ್ಷ ರೋಮ್ ಕೂಡ. ನನ್ನ ಮಟ್ಟಿಗೆ ಅದು ಸರಿಯಾದ ಕಾನೂನು.

ಈಚೆಗೆ ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆಲ್ಲ ರಿಟರ್ನ್ ಗಿಫ್ಟ್ ಎಂದು ಬೌಲಿಗೊಂದು ಮೀನು ಹಂಚುವ ಹುಚ್ಚು ಶುರುವಾಗಿದೆ. ದಯವಿಟ್ಟು ಬೇಡ. ಸಾಕಲೇಬೇಕೆಂದಿದ್ದರೆ ಅಗಲವಾದ ತೊಟ್ಟಿಯೊಂದನ್ನು ಮೊದಲು ತನ್ನಿ, ಫಿಲ್ಟರ್ ಹಾಕಿ ನೀರು ಹದವಾಗಲು ಕೆಲವು ವಾರ ಬಿಡಿ, ಮೀನನ್ನು ಆಮೇಲೆ ಕೊಳ್ಳಿ.