ಕೇಪಿನ ಕೋವಿಯ ಒಂದು ಈಡು

ಮಲೆನಾಡು ಹಾಗೂ ಕೊಡಗಿನ ಹಳೇ ಮನೆಗಳ ಕೇಪಿನ ಕೋವಿಗೆ ಅಂಗಡಿಯ ತೋಟೆ ನಡೆಯುವುದಿಲ್ಲ. ಪ್ರತಿ ಈಡನ್ನೂ ಕೈಯಿಂದಲೇ ತುಂಬಬೇಕು. ನಳಿಗೆಯ ಬಾಯಿಂದ ಮೊದಲು ಕರಿಮದ್ದು, ಅದರ ಮೇಲೆ ನಾರು, ಗಜದಿಂದ ಜಡಿದು ಆಮೇಲೆ ಚರೆ ಇಲ್ಲವೆ ಸೀಸದ ಗುಂಡು, ಮತ್ತೆ ನಾರು. ಕಟ್ಟಕಡೆಗೆ ಕೇಪು. ಮದ್ದು ಅಂದರೆ ಪೆಟ್ಲುಪ್ಪು, ಗಂಧಕ, ಇದ್ದಿಲು ಅಷ್ಟೆ. ತೇವ ಹಿಡಿದರೆ ಹಂದಿ ಎದುರಿಗೇ ನಿಂತರೂ ಕೋವಿ ಬರೀ ಟಿಕ್ ಅಂತದೆ. ಮದ್ದು ಮಿತಿ ಮೀರಿದರೆ, ಗುಂಡು ಮದ್ದಿಗೆ ತಾಗಿ ಕೂರದಿದ್ದರೆ ನಳಿಗೆಯೇ ಸಿಡಿದು ಕೈ ಹೋಗುತ್ತದೆ.

ಕೇಪಿನ ಮೂಲವೂ ಬೇಟೆಯೇ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್‌ರ ಚಕಮಕಿ ಕೋವಿಯ ಕಿಡಿ ಕಂಡೇ ಹಕ್ಕಿಗಳು ಹಾರಿಬಿಡುತ್ತಿದ್ದವು. ಪೆಟ್ಟು ಬಿದ್ದರೆ ಸಿಡಿಯುವ ಮದ್ದಿನ ಉಪಾಯಕ್ಕೆ ಅವರು 1807ರಲ್ಲಿ ಪೇಟೆಂಟ್ ಪಡೆದರು. ತಾಮ್ರದ ಕೇಪು ಆಮೇಲಿನದು.

1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ನಿರಾಯುಧೀಕರಣ ಕಾಯಿದೆಯಿಂದ ವಿನಾಯಿತಿ ಕೊಟ್ಟರು. 2019ರಲ್ಲಿ ಕೇಂದ್ರ ಸರ್ಕಾರ ಆ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಿದೆ. ಮಿಕ್ಕ ರೈತರಿಗೆ ಲೈಸೆನ್ಸೇ ಗತಿ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ನಿಂತಿತು, ಅದು ಸರಿಯೇ. ಆದರೆ ಚುನಾವಣೆ ಬಂತೆಂದರೆ ಬೆಳೆ ರಕ್ಷಣೆಯ ಕೋವಿಯನ್ನೂ ಠಾಣೆಗೆ ಒಪ್ಪಿಸಬೇಕಾಗುತ್ತದೆ. ಹಂದಿ ಮಾತ್ರ ಗದ್ದೆಯಲ್ಲೇ ಇರುತ್ತದೆ. ನಾವು ಡಬ್ಬ ಬಡಿಯುತ್ತಾ ರಾತ್ರಿ ಕಳೆಯುತ್ತೇವೆ.