ಅರಿವಳಿಕೆಗೆ ಮುನ್ನ ಮರೆಯದೆ ಹೇಳಬೇಕಾದ ಮಾತ್ರೆ

ಮಂಡ್ಯ: ಶಸ್ತ್ರಚಿಕಿತ್ಸೆ ನಿಗದಿಯಾದೊಡನೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಆಸ್ತಮಾಕ್ಕೆ ಸೇವಿಸುವ ಔಷಧಗಳ ವಿವರವನ್ನು ಮನೆಯವರು ವೈದ್ಯರ ಮುಂದಿಡುತ್ತಾರೆ. ಮಗುವಿನ ಅತಿಚಟುವಟಿಕೆಗೆ ಮನೋವೈದ್ಯರು ಬರೆದುಕೊಟ್ಟ ಮಾತ್ರೆಯ ವಿಷಯ ಬಂದಾಗ ಮಾತ್ರ ಸಂಕೋಚ ಅಡ್ಡಬರುವುದುಂಟು. ಅರಿವಳಿಕೆಯ ದೃಷ್ಟಿಯಿಂದ ಔಷಧಕ್ಕಿಂತ ಈ ಮೌನವೇ ಹೆಚ್ಚು ಅಪಾಯಕಾರಿ.

ಯಾವುದು ಈ ಔಷಧ?

ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಗೆ, ಅಂದರೆ ಎಡಿಎಚ್‌ಡಿಗೆ, ಭಾರತದಲ್ಲಿ ನೀಡಲಾಗುವ ಪ್ರಮುಖ ಉತ್ತೇಜಕ ಔಷಧ ಮೀಥೈಲ್‌ಫೆನಿಡೇಟ್. ಮಿದುಳಿನಲ್ಲಿ ಡೋಪಮೈನ್ ಹಾಗೂ ನಾರ್‌ಅಡ್ರಿನಲಿನ್ ರಾಸಾಯನಿಕಗಳು ನರಕೋಶಗಳಿಗೆ ಮರಳಿ ಹೀರಿಕೆಯಾಗುವುದನ್ನು ಇದು ತಡೆಯುತ್ತದೆ. ಇದರಿಂದ ಗಮನ ಒಂದೆಡೆ ನಿಲ್ಲುತ್ತದೆ. ಜತೆಗೆ ನಾಡಿಬಡಿತ ಮತ್ತು ರಕ್ತದೊತ್ತಡ ತುಸು ಏರುತ್ತವೆ. ಹಗಲಿನಲ್ಲಿ ತಡೆಯಲಾಗದ ನಿದ್ದೆ ಬರುವ ನಾರ್ಕೊಲೆಪ್ಸಿ ಕಾಯಿಲೆಗೆ ಕೊಡುವ ಮೊಡಾಫಿನಿಲ್ ಕೂಡ ಎಚ್ಚರವನ್ನು ಹೆಚ್ಚಿಸುವ ಔಷಧವೇ.

ಅಪಾಯವೇನು?

ಉತ್ತೇಜಕದ ಪ್ರಭಾವ ದೇಹದಲ್ಲಿರುವಾಗ ಅರಿವಳಿಕೆ ಅನಿಲ ನೀಡಿದರೆ ರಕ್ತದೊತ್ತಡ ಹಠಾತ್ತನೆ ಏರುವ, ಹೃದಯ ಬಡಿತದ ಲಯ ತಪ್ಪುವ ಸಾಧ್ಯತೆಯಿದೆ. ಹಳೆಯ ಹ್ಯಾಲೊಥೇನ್ ಅನಿಲದಲ್ಲಿ ಈ ಭಯ ಹೆಚ್ಚು, ಸೆವೊಫ್ಲುರೇನ್‌ನಲ್ಲಿ ಕಡಿಮೆ. ಕೆಟಮಿನ್ ಚುಚ್ಚುಮದ್ದು ಸಹ ರಕ್ತದೊತ್ತಡ ಏರಿಸುವುದರಿಂದ ಎರಡರ ಪರಿಣಾಮವೂ ಕೂಡಿಕೊಳ್ಳಬಹುದು.

ವಿದೇಶದಲ್ಲಿ ನೆಲೆಸಿ ರಜೆಗೆ ಊರಿಗೆ ಬಂದವರು ಆಂಫೆಟಮಿನ್ ವರ್ಗದ ಮಾತ್ರೆ ಸೇವಿಸುತ್ತಿರಬಹುದು. ಇದರ ದೀರ್ಘಕಾಲದ ಸೇವನೆಯಿಂದ ನರತುದಿಗಳಲ್ಲಿನ ನಾರ್‌ಅಡ್ರಿನಲಿನ್ ಸಂಗ್ರಹ ಬರಿದಾಗುತ್ತದೆ. ಅಂಥವರಲ್ಲಿ ರಕ್ತದೊತ್ತಡ ಕುಸಿದರೆ, ಆ ಸಂಗ್ರಹವನ್ನೇ ನೆಚ್ಚಿ ಕೆಲಸ ಮಾಡುವ ಎಫೆಡ್ರಿನ್ ನಿರೀಕ್ಷಿತ ಫಲ ನೀಡದಿರಬಹುದು. ರಕ್ತನಾಳದ ಮೇಲೆ ನೇರವಾಗಿ ವರ್ತಿಸುವ ಫಿನೈಲೆಫ್ರಿನ್‌ನಂತಹ ಔಷಧ ಬೇಕಾಗುತ್ತದೆ. ರೋಗಿಯ ಮಾತ್ರೆ ಯಾವುದೆಂದು ಮೊದಲೇ ತಿಳಿದಿದ್ದರೆ ಅದನ್ನು ಸಿದ್ಧವಾಗಿಡಬಹುದು.

ಚಿಕಿತ್ಸೆ ಒಂದೂರಲ್ಲಿ, ಚೀಟಿ ಇನ್ನೊಂದೂರಲ್ಲಿ

ಮಂಡ್ಯ, ಮದ್ದೂರು, ಮಳವಳ್ಳಿ ಭಾಗದ ಪೋಷಕರು ಮಕ್ಕಳ ಮನೋಚಿಕಿತ್ಸೆಗಾಗಿ ಮೈಸೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗುವುದುಂಟು. ಅದೇ ಮಗುವಿಗೆ ಕರುಳಬಾಲದ ಉರಿಯೂತ ಕಾಣಿಸಿಕೊಂಡರೆ ಅಥವಾ ಹೆದ್ದಾರಿಯಲ್ಲಿ ಅಪಘಾತವಾದರೆ, ಸೇರುವುದು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಅಥವಾ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ. ಒಂದೆಡೆಯ ಕಡತ ಇನ್ನೊಂದೆಡೆಯ ವೈದ್ಯರ ಕೈಯಲ್ಲಿರುವುದಿಲ್ಲ. ಅವೆರಡರ ನಡುವಿನ ಕೊಂಡಿ ಮನೆಯವರು ಮಾತ್ರ.

ಮೀಥೈಲ್‌ಫೆನಿಡೇಟ್ 1945ರ ಔಷಧ ನಿಯಮಗಳ ಎಕ್ಸ್ ಪರಿಶಿಷ್ಟಕ್ಕೆ ಸೇರಿದೆ. ವೈದ್ಯರು ಚೀಟಿಯನ್ನು ಎರಡು ಪ್ರತಿಗಳಲ್ಲಿ ಬರೆಯಬೇಕು. ಒಂದನ್ನು ಔಷಧ ಅಂಗಡಿಯವರು 2 ವರ್ಷ ಕಾಯ್ದಿಡಬೇಕು. ರೋಗಿಯ ಬಳಿ ಉಳಿಯುವ ಪ್ರತಿಯನ್ನು ಜೋಪಾನ ಮಾಡಿದರೆ ತುರ್ತು ಸಂದರ್ಭದಲ್ಲಿ ನೆರವಾಗುತ್ತದೆ.

ಮಾತ್ರೆ ನಿಲ್ಲಿಸಬೇಕೆ?

ಅರಿವಳಿಕೆ ಅನಿಲ ಬಳಸುವುದಾದರೆ ಶಸ್ತ್ರಚಿಕಿತ್ಸೆಯ ದಿನ ಮೀಥೈಲ್‌ಫೆನಿಡೇಟ್ ಸೇವಿಸಬಾರದೆಂಬ ಸೂಚನೆ ಔಷಧದ ಮಾಹಿತಿಪತ್ರದಲ್ಲೇ ಇದೆ. ಮಾತ್ರೆ ತಪ್ಪಿದರೆ ಮಗು ತೀರಾ ಚಡಪಡಿಸಬಹುದೆಂಬ ಕಾರಣಕ್ಕೆ ಮುಂದುವರಿಸಲು ಒಪ್ಪುವ ತಜ್ಞರೂ ಇದ್ದಾರೆ. ನಿರ್ಧಾರ ಅರಿವಳಿಕೆ ತಜ್ಞರದು. ಮನೆಯವರು ತಾವಾಗಿಯೇ ನಿಲ್ಲಿಸುವುದು ತರವಲ್ಲ. ಇದೇ ತೊಂದರೆಗೆ ಕೊಡುವ ಕ್ಲೋನಿಡಿನ್ ಉತ್ತೇಜಕವಲ್ಲ. ಅದನ್ನು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಪುಟಿದೇಳುತ್ತದೆ.

ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಔಷಧದ ಪ್ರಭಾವ ಇಳಿಯುವವರೆಗೆ ಕಾಯಲು ವ್ಯವಧಾನವಿರುವುದಿಲ್ಲ. ಆದರೂ ವಿಷಯ ತಿಳಿದರೆ ಸಾಕು, ತಜ್ಞರು ಔಷಧಗಳ ಆಯ್ಕೆ ಬದಲಿಸಿ ನಾಡಿ, ರಕ್ತದೊತ್ತಡಗಳ ಮೇಲೆ ಹೆಚ್ಚಿನ ನಿಗಾ ಇಡುತ್ತಾರೆ.

ನೆನಪಿರಲಿ

* ಮಾತ್ರೆಯ ಹೆಸರು, ಪ್ರಮಾಣ, ಕೊನೆಯ ಬಾರಿ ಸೇವಿಸಿದ ಸಮಯವನ್ನು ಅರಿವಳಿಕೆ ತಜ್ಞರಿಗೆ ತಿಳಿಸಿ. ಕೆಲವು ಮಾತ್ರೆಗಳ ಪರಿಣಾಮ 4 ಗಂಟೆಯೊಳಗೆ ಇಳಿದರೆ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳದು 8ರಿಂದ 12 ಗಂಟೆ ಇರುತ್ತದೆ.
* ಮಾತ್ರೆಯ ಪಟ್ಟಿ ಅಥವಾ ವೈದ್ಯರ ಚೀಟಿಯನ್ನು ಜತೆಗೊಯ್ಯಿರಿ.
* ನೆಗಡಿ ಮಾತ್ರೆ, ತೂಕ ಇಳಿಸುವ ಔಷಧ, ಶಕ್ತಿಪೇಯಗಳನ್ನೂ ಮುಚ್ಚಿಡಬೇಡಿ.
* ಬಂಧುಗಳೆದುರು ಹೇಳಲು ಸಂಕೋಚವಾದರೆ ವೈದ್ಯರೊಡನೆ ಪ್ರತ್ಯೇಕವಾಗಿ ಮಾತನಾಡಿ.

ಎಡಿಎಚ್‌ಡಿ ಇದೆ ಎಂಬ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಹೆದರಬೇಕಿಲ್ಲ. ಹೇಳಬೇಕಾದುದನ್ನು ಹೇಳಬೇಕಾದವರಿಗೆ ವೇಳೆಗೆ ಸರಿಯಾಗಿ ಹೇಳಿದರೆ, ಅಪಾಯದ ಬಹುಪಾಲನ್ನು ತಪ್ಪಿಸಬಹುದು.